ಹಳೆಯ ಬ್ಯಾಂಡನ್ನು ಮತ್ತೆ ನೋಡಲು ಹೊರಡುವ ಮುನ್ನ ಮಳೆ ಪುಸ್ತಕ ತೆಗೆಯಿರಿ

ಇಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ಮೈಮರೆತು ಕೇಳಿದ್ದ ತಂಡ ಮತ್ತೆ ಬೆಂಗಳೂರಿಗೆ ಬರುತ್ತಿದೆ ಎಂದು ಗೊತ್ತಾದರೆ, ಟಿಕೆಟ್ ಕಾಯ್ದಿರಿಸುವುದು ಎರಡನೆಯ ಕೆಲಸ. ಮೊದಲನೆಯದು ಒಂದು ಹಾಳೆ ತೆಗೆದುಕೊಂಡು, ಆ ಹಳೆಯ ಸಂಜೆಯ ಬಗ್ಗೆ ನೆನಪಿರುವುದನ್ನೆಲ್ಲ ಬರೆದಿಡುವುದು. ಯಾರ ಜೊತೆ ಹೋಗಿದ್ದಿರಿ, ಎಲ್ಲಿ ನಿಂತಿದ್ದಿರಿ, ಮೊದಲ ಹಾಡು ಯಾವುದು, ಕಾಲಿಗೆ ಏನು ಹಾಕಿದ್ದಿರಿ, ಹೊಟ್ಟೆಗೆ ಏನು ಬಿದ್ದಿತ್ತು. ನೋಡಿ ಬಂದ ಮೇಲೆ ಬರೆದರಾಯಿತು ಎಂದುಕೊಂಡರೆ ಕೆಟ್ಟಿತು. ಹೊಸ ಸಂಜೆ ಹಳೆಯದರ ಮೇಲೆ ಸುಣ್ಣ ಬಳಿದುಬಿಟ್ಟಿರುತ್ತದೆ, ಕೆಳಗಿನ ಗೋಡೆಯ ಬಣ್ಣ ಯಾವುದಿತ್ತೆಂದು ಹೇಳುವವರು ಯಾರೂ ಇರುವುದಿಲ್ಲ.

ನನ್ನದು ಆಲ್ದೂರಿನ ಹತ್ತಿರ ಹನ್ನೆರಡು ಎಕರೆ ಕಾಫಿ. ಭಾವಮೈದುನನಿಗೆ ಹಾಸನದ ಬಿ.ಎಂ. ರಸ್ತೆಯಲ್ಲಿ ಪಂಪ್‌ಸೆಟ್ ಅಂಗಡಿ. ಅವನು ಭಾವಮೈದುನನಾಗುವುದಕ್ಕೆ ಮೊದಲು ನನ್ನ ಹಾಸ್ಟೆಲ್ ಗೆಳೆಯ; ಅವನ ಅಕ್ಕನನ್ನು ನಾನು ಮದುವೆಯಾದದ್ದು ಆಮೇಲಿನ ಮಾತು. ನಾವಿಬ್ಬರೂ 2001ರ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಕಾಲೇಜಿನ ಬಯಲಿನಲ್ಲಿ ಇಂಡಿಯನ್ ಓಷನ್ ತಂಡವನ್ನು ಕೇಳಿದೆವು. ಅಂದಿನಿಂದ ಮದುವೆ ಮನೆ, ಗೃಹಪ್ರವೇಶ, ತಿಥಿ ಊಟದ ಪಂಕ್ತಿ ಎಂದು ನೋಡದೆ ಎಲ್ಲ ಕಡೆ ಒಂದೇ ಕಥೆ ಹೇಳಿಕೊಂಡು ಬಂದಿದ್ದೇವೆ: ಅವರ ‘ಕಂದೀಸಾ’ ಹಾಡು ಶುರುವಾಗುತ್ತಿದ್ದಂತೆ ಮಳೆ ಬಂತು, ಒಬ್ಬನೂ ಜಾಗ ಬಿಟ್ಟು ಕದಲಲಿಲ್ಲ, ತಂಡದ ಅಶೀಮ್ ಚಕ್ರವರ್ತಿ ಕಣ್ಣು ಮುಚ್ಚಿಕೊಂಡು ತಬಲಾ ತರಂಗದ, ಅಂದರೆ ಬೇರೆ ಬೇರೆ ಶ್ರುತಿಗೆ ಕೂಡಿಸಿದ ತಬಲಾಗಳ ಸಾಲಿನ ಮೇಲೆ ಬೆರಳಾಡಿಸುತ್ತ ಹಾಡುತ್ತಲೇ ಇದ್ದರು. ಹೇಳುತ್ತ ಹೇಳುತ್ತ ಭಾವಮೈದುನ ಒಂದು ನೀಲಿ ಪ್ಲಾಸ್ಟಿಕ್ ಹೊದಿಕೆಯನ್ನೂ ಸೇರಿಸಿದ. ಯಾರೋ ಓಡಿ ಬಂದು ತಬಲಾಗಳ ಮೇಲೆ ಅದನ್ನು ಹಿಡಿದರಂತೆ. ಕೆಲವು ವರ್ಷಗಳಲ್ಲಿ ನನಗೂ ಆ ನೀಲಿ ಪ್ಲಾಸ್ಟಿಕ್ ಕಾಣತೊಡಗಿತು.

ಅದೇ ತಂಡ ಮತ್ತೆ ಬರುತ್ತಿದೆ ಎಂದು ಅವನು ಫೋನ್ ಮಾಡಿದಾಗ ನಾನು ಇದನ್ನೆಲ್ಲ ಹಾಳೆಯ ಮೇಲೆ ಇಳಿಸಿದೆ. ಬರೆದ ಮೇಲೆ ಅಕ್ಷರಗಳು ನನ್ನನ್ನೇ ದುರುಗುಟ್ಟಿ ನೋಡಿದವು. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಅಂಥ ಮಳೆಯೇ? ಬರಬಾರದೆಂದೇನೂ ಇಲ್ಲ. ಆದರೆ ಕೊಯ್ಲಿನ ಕಾಲದಲ್ಲಿ ಮಳೆ ಬಂದರೆ ಕಣದಲ್ಲಿ ಹರವಿದ ಕಾಫಿಯ ಗತಿ ಏನೆಂಬ ದಿಗಿಲು ಕಾಫಿ ಬೆಳೆಗಾರನಿಗೆ ಎಲ್ಲಿದ್ದರೂ ಹುಟ್ಟುತ್ತದೆ. ನನ್ನ ಕಥೆಯಲ್ಲಿ ಆ ದಿಗಿಲೇ ಇರಲಿಲ್ಲ. ಹಾಗಾಗಿ ಅಟ್ಟ ಹತ್ತಿ ಅಪ್ಪಯ್ಯನ ಮಳೆ ಪುಸ್ತಕಗಳ ಕಟ್ಟನ್ನು ಇಳಿಸಿದೆ.

ತೋಟದವರಿಗೆ ಮಳೆ ಪುಸ್ತಕದ ಪರಿಚಯ ಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ದಿನಾ ಬೆಳಗ್ಗೆ ಎಂಟೂವರೆಗೆ ಅಂಗಳದ ಮಳೆ ಮಾಪಕದ ನೀರನ್ನು ಅಳತೆ ಗಾಜಿಗೆ ಸುರಿದು ಎಷ್ಟು ಇಂಚು, ಎಷ್ಟು ಸೆಂಟ್ಸ್ ಎಂದು ಬರೆಯುವ ಪುಸ್ತಕ ಅದು. ಒಂದು ಇಂಚಿನ ನೂರನೇ ಭಾಗ ಒಂದು ಸೆಂಟ್. ಸರ್ಕಾರ ಮಿಲಿಮೀಟರ್ ಎನ್ನಲಿ, ನಮ್ಮ ಕಡೆ ಫೋನಿನಲ್ಲಿ ಕೇಳುವುದು ‘ನಿಮ್ಮಲ್ಲಿ ಎಷ್ಟು ಸೆಂಟ್ಸ್ ಬಿತ್ತು?’ ಎಂದೇ. ಮಳೆ ಇಲ್ಲದ ದಿನವೂ ಸೊನ್ನೆ ಬರೆಯಲೇಬೇಕು. ಪಕ್ಕದ ಖಾಲಿ ಜಾಗದಲ್ಲಿ ಅಪ್ಪಯ್ಯ ಅಂದಿನ ಆಳಿನ ಲೆಕ್ಕ, ಹಸು ಕರು ಹಾಕಿದ್ದು, ಯಾರಾದರೂ ತೀರಿಕೊಂಡದ್ದನ್ನು ಗೀಚುತ್ತಿದ್ದರು.

2001ರ ಡಿಸೆಂಬರಿನ ಪುಟ: ‘0. ಕೊಯ್ಲು 14 ಆಳು. ಮಗ ಬೆಂಗಳೂರಿಗೆ, ಹಾಡು ಕೇಳಲು.’ ಕೊನೆಯ ಎರಡು ಪದಗಳ ಕೆಳಗೆ ಗೆರೆ ಎಳೆದಿದ್ದರು. ಆ ಗೆರೆಯ ಸಿಟ್ಟು ನನಗೆ ಈಗಲೂ ಅರ್ಥವಾಗುತ್ತದೆ. ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಾಫಿ ದರ ದಶಕಗಳಲ್ಲೇ ಕಾಣದಷ್ಟು ಕುಸಿದಿದ್ದ ವರ್ಷ ಅದು. ಮಾರಿದ ದುಡ್ಡು ಕೊಯ್ಲಿನ ಕೂಲಿಗೇ ಸಾಲುತ್ತಿರಲಿಲ್ಲ. ಆದರೆ ಆ ಸೊನ್ನೆ ನಮ್ಮ ತೋಟದ ಸೊನ್ನೆ, ಬೆಂಗಳೂರಿನದಲ್ಲ. ಸಂಶಯ ತೀರಲಿಲ್ಲ. ಪುಟ ತಿರುವುತ್ತ ಹೋದೆ. 2003ರ ಏಪ್ರಿಲ್ ಮೊದಲ ವಾರದಲ್ಲಿ ಬೆರಳು ನಿಂತಿತು: ‘0. ಮೋಡ ಮಾತ್ರ. ಹೂಮಳೆ ಇನ್ನೂ ಇಲ್ಲ. ಮಗ ಬೆಂಗಳೂರಿನಲ್ಲಿ ಚೆನ್ನಾಗಿ ನೆಂದನಂತೆ.’

2003ರ ಏಪ್ರಿಲ್ 4. ಅರಮನೆ ಮೈದಾನ. ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್. ಮಳೆ ಸುರಿದದ್ದು ಅಲ್ಲಿ! ಮರುದಿನ ಬೆಳಗ್ಗೆ ಬಸ್ ನಿಲ್ದಾಣದ ಎಸ್‌ಟಿಡಿ ಬೂತಿನಿಂದ ಒದ್ದೆ ಅಂಗಿಯಲ್ಲೇ ಮನೆಗೆ ಫೋನ್ ಮಾಡಿ ‘ಅಲ್ಲಿ ಎಷ್ಟು ಬಿತ್ತು?’ ಎಂದು ಕೇಳಿದ್ದೆ. ಕಾಫಿ ಗಿಡ ಹೂ ಬಿಡಲು ಮಾರ್ಚ್, ಏಪ್ರಿಲಿನಲ್ಲಿ ಒಂದು ಒಳ್ಳೆಯ ಮಳೆ ಬೇಕು, ಅದು ಬಂದ ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ನಮ್ಮ ಮೇಲೆ ಬೀಳಬೇಕಾದ ಮಳೆ ಆ ತಂಡದ ಹಾಡುಗಾರ ಮಿಕ್ ಜಾಗರ್ ತಲೆಯ ಮೇಲೆ ಬಿತ್ತು ಎಂದು ಅಪ್ಪಯ್ಯನಿಗೆ ಹೇಳಿದ್ದೂ ನೆನಪಾಯಿತು. ಅವರು ಆ ಹೆಸರು ಕೇಳಿದ್ದು ಅದೇ ಮೊದಲು, ಅದೇ ಕೊನೆ.

ಅಂದರೆ ನಾವು ಎರಡು ಸಂಜೆಗಳನ್ನು ಒಂದೇ ಗೋಣಿಚೀಲಕ್ಕೆ ತುಂಬಿ, ಬಾಯಿ ಹೊಲಿದು, ಇಪ್ಪತ್ತು ವರ್ಷ ಹೊತ್ತು ತಿರುಗಿದ್ದೆವು. ಅರೇಬಿಕಾಕ್ಕೆ ರೊಬಸ್ಟಾ ಬೆರೆಸಿದ ಹಾಗೆ. ಕುದಿಸಿ ಕುಡಿಯುವವನಿಗೆ ರುಚಿಯೇ, ಬೇರ್ಪಡಿಸಲು ಕೂತವನಿಗೆ ಗೋಳು.

ಆದ್ದರಿಂದ ನಿಮ್ಮ ಮನೆಯಲ್ಲಿ ಮಳೆ ಪುಸ್ತಕ ಇಲ್ಲದಿದ್ದರೆ ಅದಕ್ಕೆ ಸಮನಾದದ್ದು ಏನಿದೆ ಹುಡುಕಿ. ಹಳೆಯ ಫೋಟೋಗಳ ಹಿಂಬದಿಯಲ್ಲಿ ಸ್ಟುಡಿಯೋದವರು ಒತ್ತಿದ ದಿನಾಂಕ, ಪಾಸ್‌ಬುಕ್ಕಿನಲ್ಲಿ ಆ ವಾರ ತೆಗೆದ ಇನ್ನೂರು ರೂಪಾಯಿ, ಕ್ಯಾಲೆಂಡರಿನಲ್ಲಿ ಅಮ್ಮ ಹಾಲಿನ ಲೆಕ್ಕ ಬರೆದ ಚೌಕ. ಜೊತೆಗೆ ಬಂದಿದ್ದವರನ್ನೂ ಕೇಳಿ, ಆದರೆ ನಿಮ್ಮ ಕಥೆ ಹೇಳುವುದಕ್ಕೆ ಮೊದಲೇ ಕೇಳಿ. ‘ಅವತ್ತು ಮಳೆ ಬಂತಲ್ಲ?’ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ‘ಅವತ್ತು ಏನಾಯಿತು?’ ಎಂದು ಕೇಳಿ ಸುಮ್ಮನಿರಬೇಕು.

ಇಷ್ಟಾದ ಮೇಲೆ, ಈಗ ವೇದಿಕೆಯ ಮೇಲೆ ಯಾರಿರುತ್ತಾರೆ ಎಂಬುದನ್ನು ತಿಳಿದುಕೊಳ್ಳಿ. ಇದನ್ನು ತಪ್ಪಿಸಲೇಬೇಡಿ. ಜನಜಂಗುಳಿಯ ನಡುವೆ, ಪಕ್ಕದವರು ಕುಣಿಯುತ್ತಿರುವಾಗ, ನೀವು ಕಾಯುತ್ತಿದ್ದ ಮುಖ ಅಲ್ಲಿಲ್ಲ ಎಂದು ಗೊತ್ತಾಗುವುದು ಒಳ್ಳೆಯದಲ್ಲ. ಇಂಡಿಯನ್ ಓಷನ್ 1990ರಲ್ಲಿ ದೆಹಲಿಯಲ್ಲಿ ಹುಟ್ಟಿದ ತಂಡ. ನಾವು ಕೇಳಿದಾಗ ಇದ್ದವರು ನಾಲ್ವರು: ಗಿಟಾರಿಗೆ ಸುಶ್ಮಿತ್ ಸೆನ್, ತಬಲಾ ಮತ್ತು ಹಾಡಿಗೆ ಅಶೀಮ್ ಚಕ್ರವರ್ತಿ, ಬೇಸ್ ಗಿಟಾರ್ ಮತ್ತು ಹಾಡಿಗೆ ರಾಹುಲ್ ರಾಮ್, ಡ್ರಮ್ಸಿಗೆ ಅಮಿತ್ ಕಿಲಾಮ್. ಅಶೀಮ್ 2009ರ ಡಿಸೆಂಬರ್ 25ರಂದು ತೀರಿಕೊಂಡರು. ಆ ವಾರ ನಮಗೆ ಬೇರೆ ಸುದ್ದಿ ಕೇಳುವ ತ್ರಾಣವೇ ಇರಲಿಲ್ಲ. 29ಕ್ಕೆ ಸಿ. ಅಶ್ವತ್ಥ್ ಹೋದರು, 30ಕ್ಕೆ ವಿಷ್ಣುವರ್ಧನ್. ಚಿಕ್ಕಮಗಳೂರಿನಲ್ಲಿ ಅಂಗಡಿಗಳು ಬಾಗಿಲು ಹಾಕಿದ್ದವು, ಟಿವಿಯಲ್ಲಿ ಬೇರೇನೂ ಇರಲಿಲ್ಲ. ದೆಹಲಿಯ ತಬಲಾ ವಾದಕನೊಬ್ಬನ ಸಾವು ನನಗೆ ತಿಳಿದದ್ದು ಮುಂದಿನ ಮಳೆಗಾಲದಲ್ಲಿ, ಅದೂ ಮಾತಿನ ಮಧ್ಯೆ ಯಾರೋ ಹೇಳಿ. ಸುಶ್ಮಿತ್ ಸೆನ್ 2013ರಲ್ಲಿ ತಂಡ ಬಿಟ್ಟರು. ಈಗ ಹಾಡಿಗೆ ಹಿಮಾಂಶು ಜೋಶಿ, ತಬಲಾಕ್ಕೆ ತುಹೀನ್ ಚಕ್ರವರ್ತಿ, ಗಿಟಾರಿಗೆ ನಿಖಿಲ್ ರಾವ್. ಹಳಬರಲ್ಲಿ ರಾಹುಲ್ ಮತ್ತು ಅಮಿತ್ ಇದ್ದಾರೆ.

ನಾಲ್ವರಲ್ಲಿ ಇಬ್ಬರಿದ್ದರೆ ಅದು ಅದೇ ತಂಡವೇ ಎಂದು ಭಾವಮೈದುನ ವಾದಕ್ಕಿಳಿದ. ನನ್ನ ತೋಟದಲ್ಲಿ ಅಪ್ಪಯ್ಯ ನೆಟ್ಟ ಗಿಡಗಳಲ್ಲಿ ಅರ್ಧದಷ್ಟು ಕಾಂಡಕೊರಕಕ್ಕೆ ಹೋಗಿವೆ, ಆ ಜಾಗದಲ್ಲೆಲ್ಲ ಹೊಸ ಸಸಿ ಇವೆ, ತೋಟದ ಹೆಸರು ಬದಲಾಯಿಸಿಲ್ಲ ಎಂದೆ. ವಾದ ಅಲ್ಲಿಗೆ ಮುಗಿಯಿತು. ನಿಮಗೆ ಹಾಗೆ ಅನಿಸದಿದ್ದರೆ ಹೋಗಬೇಡಿ, ಅದೂ ಮರ್ಯಾದೆಯ ತೀರ್ಮಾನವೇ.

ಹೋಗುವುದಾದರೆ ಹಿಂದಿನ ಒಂದು ವಾರ ಹಳೆಯ ಧ್ವನಿಮುದ್ರಣ ಕೇಳಬೇಡಿ. ನನ್ನ ಬಳಿ ಆ ತಂಡದ ಹಳೆಯ ಕ್ಯಾಸೆಟ್ ಇನ್ನೂ ಇದೆ. ಮಲೆನಾಡಿನ ಮಳೆಗಾಲಕ್ಕೆ ಟೇಪಿನ ಅಂಚಿಗೆ ಬಿಳಿ ಬೂಸ್ಟು ಹಿಡಿಯುತ್ತಿತ್ತು. ಬಿಸಿಯಲ್ಲಿ ಇಟ್ಟರೆ ಸರಿಹೋದೀತೆಂದು ಒಲೆಯ ಮೇಲಿನ ಅಟ್ಟದಲ್ಲಿಟ್ಟೆ, ಬೂಸ್ಟು ಹೋಯಿತು, ಪೆಟ್ಟಿಗೆ ಸೊಟ್ಟಗಾಯಿತು. ಅದರಿಂದಾಚೆ ಎರಡನೇ ಬದಿಯ ಮಧ್ಯದಲ್ಲಿ ದನಿ ಒಂದು ಕ್ಷಣ ತೇಲಿ ಮುಳುಗುತ್ತದೆ. ಮೊಬೈಲಿನಲ್ಲಿ ಅದೇ ಹಾಡು ಕೇಳುವಾಗಲೂ ಆ ಜಾಗ ಬಂದರೆ ನನ್ನ ಕಿವಿ ಮುಗ್ಗರಿಸುತ್ತದೆ. ಹಳೆಯ ಮುದ್ರಣವನ್ನು ಕಿವಿಯಲ್ಲಿಟ್ಟುಕೊಂಡು ಹೋದವನು ಕಾರ್ಯಕ್ರಮವಿಡೀ ತಪ್ಪು ಹುಡುಕುತ್ತಾನೆ. ಬೇಕಾದರೆ ಅವರ ಹೊಸ ಹಾಡುಗಳನ್ನು ಕೇಳಿಕೊಂಡು ಹೋಗಿ. ಇಲ್ಲದಿದ್ದರೆ ಹೊಸ ಹಾಡು ಬಂದಾಗಲೆಲ್ಲ ಚಹಾಕ್ಕೆ ಎದ್ದು ಹೋಗುವ ಮುದುಕರ ಗುಂಪಿಗೆ ಸೇರುತ್ತೀರಿ.

ಗಾಯಕರ ಶ್ರುತಿಯ ವಿಷಯವೂ ಇದೇ. ಅರವತ್ತು, ಎಪ್ಪತ್ತು ದಾಟಿದವರು ತಮ್ಮ ಹಳೆಯ ಹಾಡುಗಳನ್ನು ಅರ್ಧ ಸ್ವರವೋ ಒಂದು ಸ್ವರವೋ ಇಳಿಸಿ ಹಾಡುವುದು ಸಾಮಾನ್ಯ. ಬಿಳಿ ನಾಲ್ಕರಲ್ಲಿ, ಅಂದರೆ ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆಯ ಶ್ರುತಿಯಲ್ಲಿ, ಹಾಡುತ್ತಿದ್ದ ನಾಟಕದ ಮೇಷ್ಟರು ವಯಸ್ಸಾದ ಮೇಲೆ ಬಿಳಿ ಮೂರಕ್ಕೆ ಬಂದರೆ ನಮ್ಮ ಹಿರಿಯರು ಬೈಯುತ್ತಿರಲಿಲ್ಲ, ಹಾರ್ಮೋನಿಯಂನವನಿಗೆ ಕಣ್ಣು ಮಿಟುಕಿಸುತ್ತಿದ್ದರು. ಗಿಟಾರಿನವರಿಗೂ ಅಷ್ಟು ರಿಯಾಯಿತಿ ಕೊಡೋಣ.

ಟಿಕೆಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಆ ವ್ಯವಸ್ಥೆ ಯಾರ ಹಿಡಿತದಲ್ಲೂ ಇಲ್ಲ. ನಮ್ಮ ಮನೆಯಲ್ಲಿ ಸಿಗ್ನಲ್ ಬರುವುದು ಕಣದ ಮೂಲೆಯ ನೀರಿನ ತೊಟ್ಟಿಯ ಮೇಲೆ ಮಾತ್ರ. ಅಲ್ಲಿ ನಿಂತು ಮೊದಲ ಸಲ ದುಡ್ಡು ಕಟ್ಟಿದಾಗ ಹಣ ಹೋಯಿತು, ಟಿಕೆಟ್ ಬರಲಿಲ್ಲ. ಒಂಬತ್ತು ದಿನ ಕಾಡಿ ವಾಪಸ್ ಬಂತು. ಎರಡನೇ ಸಲ ಹಾಸನದಿಂದ ಭಾವಮೈದುನ ತೆಗೆದ. ಮಾರಾಟ ಮುಗಿದ ಮೇಲೆ ಯಾರೋ ವಾಟ್ಸ್‌ಆ್ಯಪಿನಲ್ಲಿ ಟಿಕೆಟ್ಟಿನ ಚಿತ್ರ ಕಳಿಸುತ್ತೇನೆಂದರೆ ಕೊಳ್ಳಬೇಡಿ. ಒಂದೇ ಕ್ಯೂಆರ್ ಕೋಡನ್ನು ಹತ್ತು ಜನರಿಗೆ ಮಾರಬಹುದು, ಬಾಗಿಲಲ್ಲಿ ಒಳಗೆ ಹೋಗುವವನು ಮೊದಲು ಬಂದವನೊಬ್ಬನೇ.

ದಿನಾಂಕದ ತಂಟೆ ನಮ್ಮ ಕಡೆಯವರಿಗೆ ವಿಶೇಷವಾಗಿ ಇದೆ. ಬೆಂಗಳೂರಿನಲ್ಲಿ ಬಯಲಿನ ಸಂಗೀತ ಕಾರ್ಯಕ್ರಮಗಳು ಹೆಚ್ಚಾಗಿ ನಡೆಯುವುದು ಮಳೆ ಕಳೆದ ಚಳಿಗಾಲದಲ್ಲಿ, ನಮ್ಮ ಕೊಯ್ಲೂ ಆಗಲೇ. 2024ರ ಡಿಸೆಂಬರಿನಲ್ಲಿ ಕೆನಡಾದ ರಾಕ್ ಗಾಯಕ ಬ್ರಯಾನ್ ಆಡಮ್ಸ್ ಬೆಂಗಳೂರಿಗೆ ಬಂದಾಗ ನನ್ನ ತೋಟದಲ್ಲಿ ಅರೇಬಿಕಾ ಕೆಂಪಗೆ ಕಳಿತು ನಿಂತಿತ್ತು, ಅಸ್ಸಾಮಿನಿಂದ ಬಂದ ಆಳುಗಳಿಗೆ ವಾರದ ಬಟವಾಡೆ ಇತ್ತು. ಹೋಗಲಿಲ್ಲ. ಹೆಂಡತಿ ಇನ್ನೂ ಅದನ್ನು ಎತ್ತಿ ಆಡುತ್ತಾಳೆ. ಈ ಸಲ ದೇವರು ದೊಡ್ಡವನು, ಅರೇಬಿಕಾ ಮುಗಿದು ರೊಬಸ್ಟಾ ಶುರುವಾಗದ ಜನವರಿಯ ಸಂದಿಯಲ್ಲಿ ಒಂದು ಶನಿವಾರ ಸಿಕ್ಕಿತು.

ಪ್ರಯಾಣಕ್ಕೆ ನನ್ನ ಸಲಹೆ: ಕಾರಿನಲ್ಲಿ ಹೋಗಬೇಡಿ. ಚಿಕ್ಕಮಗಳೂರಿನಿಂದ ಬೆಂಗಳೂರು ಸುಮಾರು 250 ಕಿಲೋಮೀಟರ್. ಹೋಗುವಾಗ ಉತ್ಸಾಹ ಎಳೆದುಕೊಂಡು ಹೋಗುತ್ತದೆ, ಬರುವಾಗ ನಿದ್ದೆ ಎಳೆಯುತ್ತದೆ, ಚನ್ನರಾಯಪಟ್ಟಣ ದಾಟಿದ ಮೇಲೆ ಜನವರಿಯ ಮಂಜು ಬೇರೆ. ನಾನು ಹಾಸನದವರೆಗೆ ಜೀಪಿನಲ್ಲಿ ಹೋಗಿ, ಅಲ್ಲಿಂದ ಇಬ್ಬರೂ ರೈಲು ಹಿಡಿದೆವು. ಶ್ರವಣಬೆಳಗೊಳ, ಕುಣಿಗಲ್ ಮಾರ್ಗದ ಈ ರೈಲು ಶುರುವಾದದ್ದೇ 2017ರಲ್ಲಿ. 2001ರಲ್ಲಿ ಕೆಂಪು ಬಸ್ಸಿನ ಕೊನೆಯ ಸೀಟಿನಲ್ಲಿ ಮೂಳೆ ಎಣಿಸಿಕೊಂಡು ಹೋಗಿದ್ದೆವು. ವಾಪಸ್ ಬರಲು ರಾತ್ರಿ ಬಸ್ಸಿಗೆ ಮುಂಗಡ ಟಿಕೆಟ್ ಇರಲಿ. ಬಯಲಿನ ಕಾರ್ಯಕ್ರಮ ಎಷ್ಟು ಹೊತ್ತಿಗೆ ಮುಗಿಯುತ್ತದೋ ಎಂಬ ಚಿಂತೆ ಬೇಡ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಿನಾಯಿತಿ ಸಿಗುವುದು ವರ್ಷದ ಕೆಲವೇ ದಿನ. ಸ್ಥಳ ತುಮಕೂರು ರಸ್ತೆಯ ಮಾದಾವರದ ಕಡೆಯಾದರೆ ನಮ್ಮವರಿಗೆ ಲಾಭ, ನೆಲಮಂಗಲ ದಾಟಿದ ಮೇಲೆ ಊರೊಳಗೆ ಹೋಗುವ ಗೋಜೇ ಇಲ್ಲ, ಮೆಟ್ರೋ ಕೂಡ ಅಲ್ಲಿಯವರೆಗೆ ಬಂದಿದೆ.

ಇನ್ನು ಎಲ್ಲಿ ನಿಲ್ಲಬೇಕು. ಇಪ್ಪತ್ತಾರರ ವಯಸ್ಸಿನಲ್ಲಿ ನಾವು ಮುಂದಿನ ಬೇಲಿಗೆ ಎದೆ ಒತ್ತಿಕೊಂಡು ನಿಂತಿದ್ದೆವು. ಅಲ್ಲಿ ಹಾಡುಗಾರನ ಬೆವರು ಕಾಣುತ್ತದೆ, ಹಾಡು ಕೇಳುವುದಿಲ್ಲ. ಎತ್ತರಕ್ಕೆ ತೂಗು ಹಾಕಿದ ಧ್ವನಿವರ್ಧಕಗಳ ಸ್ವರ ತಲೆಯ ಮೇಲಿಂದ ಹಾದುಹೋಗುತ್ತದೆ, ನೆಲದ ಮೇಲಿಟ್ಟ ದೊಡ್ಡ ಪೆಟ್ಟಿಗೆಗಳ ಗುಡುಗು ಹೊಟ್ಟೆಗೆ ಬಡಿಯುತ್ತದೆ. ಮೈದಾನದ ನಡುವೆ, ವೇದಿಕೆಗೆ ಮುಖ ಮಾಡಿ ಒಂದು ಗುಡಾರ ಇರುತ್ತದೆ ನೋಡಿ, ಧ್ವನಿ ಹೊಂದಿಸುವವನು ಕೂರುವ ಜಾಗ. ಅದರ ಪಕ್ಕದಲ್ಲೋ ಹಿಂದೆಯೋ ನಿಲ್ಲಿ. ಅವನು ತನ್ನ ಕಿವಿಗೆ ಹಿತವಾಗುವಂತೆ ಹೊಂದಿಸುತ್ತಾನೆ, ಆ ಹಿತದಲ್ಲಿ ನಿಮಗೂ ಪಾಲು ಸಿಗುತ್ತದೆ. ತೀರಾ ಹಿಂದೆ ಹೋಗಬೇಡಿ. ಶಬ್ದ ಸೆಕೆಂಡಿಗೆ ಓಡುವುದು ಸುಮಾರು 340 ಮೀಟರ್ ಮಾತ್ರ. ನೂರು ಮೀಟರ್ ಹಿಂದೆ ನಿಂತರೆ ಡ್ರಮ್ಮಿನ ಕೋಲು ಬಿದ್ದು ಸೆಕೆಂಡಿನ ಸುಮಾರು ಮೂರನೇ ಒಂದು ಭಾಗ ಕಳೆದ ಮೇಲೆ ಪೆಟ್ಟು ಕೇಳುತ್ತದೆ. ಎದುರು ಗುಡ್ಡದಲ್ಲಿ ಸಿಲ್ವರ್ ಮರ ಕಡಿಯುವವನ ಕೊಡಲಿ ಇಳಿದಾದ ಮೇಲೆ ‘ಟಕ್’ ಎಂದು ಕೇಳುವುದಿಲ್ಲವೇ, ಹಾಗೆ.

ಕಿವಿಗೆ ಬೆಣೆ ಒಯ್ಯಿರಿ. ನಾಚಿಕೆ ಬೇಡ. ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಸ್ಥೆ ನಿಯೋಶ್ ಹೇಳುವ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು, 100 ಡೆಸಿಬಲ್ ಆದರೆ ಹದಿನೈದೇ ನಿಮಿಷ. ರಾಕ್ ಕಾರ್ಯಕ್ರಮ ನೂರು ಮುಟ್ಟುವುದು ದೊಡ್ಡ ವಿಷಯವಲ್ಲ. ಸ್ಟೋನ್ಸ್ ಕೇಳಿ ಬಂದ ಮೇಲೆ ಎರಡು ದಿನ ನನ್ನ ಎಡಗಿವಿಯಲ್ಲಿ ಜೀರುಂಡೆ ಕೂಗಿತ್ತು. ಈಗ ವರ್ಷಗಟ್ಟಲೆ ಕಳೆ ಕೊಚ್ಚುವ ಯಂತ್ರ ಹಿಡಿದು ಆ ಜೀರುಂಡೆ ಅಲ್ಲೇ ಸಂಸಾರ ಹೂಡಿದೆ. ಯಂತ್ರಕ್ಕೆ ಬಳಸುವ ಹಳದಿ ಸ್ಪಂಜಿನ ಬೆಣೆಯನ್ನೇ ಒಯ್ದೆ. ಅದು ತಾರಸ್ವರಗಳನ್ನು ಹೆಚ್ಚು ನುಂಗುತ್ತದೆ, ಸ್ವಲ್ಪ ಕಂಬಳಿ ಹೊದ್ದು ಕೇಳಿದ ಹಾಗಾಗುತ್ತದೆ. ಸಂಗೀತಗಾರರು ಬಳಸುವ, ಎಲ್ಲ ಸ್ವರಗಳನ್ನೂ ಸಮನಾಗಿ ತಗ್ಗಿಸುವ ಬೆಣೆ ಸಿಕ್ಕರೆ ಒಳ್ಳೆಯದು.

ಕಾಲಿಗೆ ಹಳೆಯ ಬೂಟು. ಮಂಡಿ ನೋವಿದ್ದರೆ ಕೂರುವ ಟಿಕೆಟ್ಟು. ಊಟ ಹೊರಗೇ ಮುಗಿಸಿ. ಮೊಬೈಲಿನಲ್ಲಿ ಒಂದು ಹಾಡು ಹಿಡಿದುಕೊಳ್ಳಿ, ಅದಕ್ಕಿಂತ ಹೆಚ್ಚು ಹಿಡಿದರೆ ಯಾರೂ ನೋಡುವುದಿಲ್ಲ, ನೀವೂ ನೋಡುವುದಿಲ್ಲ.

ಕಾರ್ಯಕ್ರಮದ ದಿನ ನಾವು ಆ ಗುಡಾರದ ಎಡಕ್ಕೆ ನಿಂತೆವು. ರಾಹುಲ್ ರಾಮ್ ಅವರ ಉದ್ದ ಕೂದಲು ಪೂರ್ತಿ ನೆರೆತಿದೆ. ನರ್ಮದೆಯ ಹಾಡಿಗೆ ಮುಂಚೆ ಅವರು ಮಾತಾಡುತ್ತಾರೆ, ಚೆನ್ನಾಗಿ ಮಾತಾಡುತ್ತಾರೆ. ಹಿಂದೆ ನರ್ಮದಾ ಬಚಾವೋ ಆಂದೋಲನದಲ್ಲಿ ಇದ್ದವರು. ಅಮಿತ್ ಕಿಲಾಮ್ ಡ್ರಮ್ಸ್ ಬಿಟ್ಟು ಗಾಬ್‌ಗುಬಿ ಕೈಗೆತ್ತಿಕೊಂಡಾಗ ಭಾವಮೈದುನ ‘ಚೌಡಿಕೆ!’ ಎಂದು ಕೂಗಿದ. 2001ರಲ್ಲೂ ಅದನ್ನೇ ಕೂಗಿದ್ದ, ಇದು ಹಾಳೆಯಲ್ಲಿತ್ತು. ಬಂಗಾಳದ ಆ ವಾದ್ಯ ನಮ್ಮ ಎಲ್ಲಮ್ಮನ ಹಾಡಿನವರ ಚೌಡಿಕೆಯ ತಮ್ಮನೇ. ಕಂಕುಳಲ್ಲಿ ಸಿಕ್ಕಿಸಿ, ತಂತಿಯನ್ನು ಎಳೆದು ಬಿಟ್ಟು ಮೀಟಿದರೆ ದನಿ ಜಾರುತ್ತ ಏರುತ್ತದೆ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಅದೇನು ಎಂದು ಕೇಳಿದಳು. ಅವನು ಸವದತ್ತಿಯಿಂದ ಶುರುಮಾಡಿ ವಿವರಿಸುವಷ್ಟರಲ್ಲಿ ಹಾಡೇ ಮುಗಿಯಿತು.

‘ಕಂದೀಸಾ’ ಕೊನೆಗೆ ಬಂತು. ಕೇರಳದ ಸಿರಿಯನ್ ಕ್ರೈಸ್ತರ ಪ್ರಾರ್ಥನೆ ಅದು, ಭಾಷೆ ಅರಾಮಿಕ್ ಕುಲದ್ದು, ನಮಗೆ ಅಂದೂ ಒಂದಕ್ಷರ ಅರ್ಥವಾಗಿರಲಿಲ್ಲ. ನಾನು ಅಶೀಮ್ ಕೂರುತ್ತಿದ್ದ ಜಾಗವನ್ನೇ ನೋಡುತ್ತಿದ್ದೆ. ಅಲ್ಲಿ ತುಹೀನ್ ಇದ್ದರು, ತಬಲಾದ ಮೇಲಿನ ಬೆರಳುಗಳು ಕಾಣುವಷ್ಟು ಹತ್ತಿರ ನಾವಿರಲಿಲ್ಲ, ಆದರೆ ಭುಜ ಕಾಣುತ್ತಿತ್ತು. ಬೇರೆ ಮನುಷ್ಯನ ಭುಜ. ಎರಡು ಸಾಲು ಮುಗಿಯುವ ಹೊತ್ತಿಗೆ ಹೋಲಿಸುವುದು ಬಿಟ್ಟಿದ್ದೆ. ಬೆಣೆ ತೆಗೆದು ಜೇಬಿಗೆ ಹಾಕಿಕೊಂಡೆ, ಆ ಒಂದು ಹಾಡಿಗೆ ಮಾತ್ರ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಹಾಸನ ತಲುಪಿದಾಗ ಬೆಳಗಿನ ಜಾವ ಮೂರೂವರೆ. ಭಾವಮೈದುನನ ಮನೆಯಲ್ಲಿ ಎರಡು ಗಂಟೆ ಮಲಗಿ, ಬೇಲೂರಿನ ಮೇಲೆ ಜೀಪಿನಲ್ಲಿ ಅವನನ್ನೂ ಕರೆದುಕೊಂಡು ತೋಟಕ್ಕೆ ಬಂದೆ. ಬಿಸಿ ಕಡುಬು ತಿನ್ನುತ್ತಿರುವಾಗ ಎರಡೂ ಮಳೆ ಪುಸ್ತಕಗಳನ್ನು ಅವನ ಮುಂದಿಟ್ಟೆ. 2001ರ ಸೊನ್ನೆ, 2003ರ ‘ಚೆನ್ನಾಗಿ ನೆಂದನಂತೆ.’ ಅವನು ಕನ್ನಡಕ ಹಾಕಿಕೊಂಡು ಓದಿದ, ಪುಟ ತಿರುಗಿಸಿ ಹಿಂದೆ ಮುಂದೆ ನೋಡಿದ, ತಟ್ಟೆಗೆ ಇನ್ನೊಂದು ಕಡುಬು ಹಾಕಿಕೊಂಡ.

‘ಆ ನೀಲಿ ಪ್ಲಾಸ್ಟಿಕ್ ಮಾತ್ರ ಇತ್ತು’ ಎಂದ.

ಎಂಟೂವರೆಯಾಗಿತ್ತು. ಅಂಗಳಕ್ಕೆ ಹೋಗಿ ಮಾಪಕ ನೋಡಿ ಬಂದು ಈ ವರ್ಷದ ಪುಸ್ತಕದಲ್ಲಿ ಬರೆದೆ: ‘0. ನಿನ್ನೆ ಬೆಂಗಳೂರಿಗೆ, ಹಾಡು ಕೇಳಲು. ಅಲ್ಲಿಯೂ ಮಳೆ ಇಲ್ಲ. ಇಬ್ಬರೂ ನೋಡಿದ್ದೇವೆ.’ ಅವನ ಕೈಯಲ್ಲೂ ಸಹಿ ಹಾಕಿಸಿದೆ.